ಅಪ್ಪನ ಎಂಟು ಗಜದ ಕಿಲ್ಟ್

ಉಲ್ಲಾಪುಲ್, ಸ್ಕಾಟ್ಲೆಂಡ್
ಭಾನುವಾರ, ೧೨ ಅಕ್ಟೋಬರ್ ೧೯೮೬

ಪ್ರೀತಿಯ ಫಾರ್ಕರ್ ಅಣ್ಣಾ,

ಹೇಗಿದ್ದೀಯಾ? ನಿನ್ನ ಸೊಂಟನೋವು ಈಗ ಹೇಗಿದೆ? ಡೋರಿಸ್ ಅತ್ತಿಗೆಯ ರಕ್ತದೊತ್ತಡ ಇಳಿಯಿತೇ? ಉಪ್ಪು ಬಿಡು ಎಂದು ಡಾಕ್ಟರು ಹೇಳಿದ್ದಾರೆಂದು ನೀನು ಬರೆದಿದ್ದೆ, ಅವಳು ಬಿಟ್ಟಿರಲಾರಳು ಎಂದು ನನಗೆ ಗೊತ್ತು. ಇಲ್ಲಿ ನಾವು ಗಂಡ ಹೆಂಡತಿ ಕ್ಷೇಮ. ಮೋರಾಗ್‌ಗೆ ಕೆಮ್ಮು ಇದೆ, ಪ್ರತಿ ಅಕ್ಟೋಬರಿನಲ್ಲೂ ಇರುತ್ತದೆ. ಮಗಳು ಇಶ್ಬೆಲ್ ಬಸುರಿ, ಮಾರ್ಚಿಗೆ ದಿನ. ಹಡಗುಕಟ್ಟೆಯಲ್ಲಿ ನನ್ನ ಕೆಲಸ ಎಂದಿನಂತೆಯೇ ಇದೆ, ಸ್ಟೋರ್ನೊವೇ ದೋಣಿಯ ಹಗ್ಗ ಕಟ್ಟುವುದು, ಬಿಚ್ಚುವುದು. ವಿಚಾರಿಸಬೇಕಾದ್ದನ್ನೆಲ್ಲ ವಿಚಾರಿಸಿದ್ದಾಯಿತು. ಇನ್ನು ಜಗಳಕ್ಕೆ ಬರುತ್ತೇನೆ.

ಭಾನುವಾರ ಪೆನ್ನು ಹಿಡಿಯುವುದು ನಮ್ಮ ಮನೆಯಲ್ಲಿ ಎಂದೂ ಇಲ್ಲದ್ದು. ಒಗೆದ ಬಟ್ಟೆ ಹರವಿದರೂ ಊರೆಲ್ಲ ಆಡಿಕೊಳ್ಳುವ ದಿನ ಇದು. ಮೋರಾಗ್ ಇಗರ್ಜಿಯಿಂದ ಬಂದವಳು ನನ್ನ ಕೈಯಲ್ಲಿ ಕಾಗದ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. "ದೇವರ ದಿನ ಕಣ್ರೀ ಇದು. ಬೈಯೋದಿದ್ರೆ ನಾಳೆ ಬೈಯಿರಿ, ನಿಮ್ಮಣ್ಣ ಎಲ್ಲೂ ಓಡಿಹೋಗಲ್ಲ" ಎಂದಳು. ನಾಳೆಯವರೆಗೆ ನನ್ನ ಸಿಟ್ಟು ತಡೆಯುವುದಿಲ್ಲ. ನಿನ್ನ ಕಾಗದ ನಿನ್ನೆ ಬಂದಾಗಿನಿಂದ ಮೈಯೆಲ್ಲ ಉರಿಯುತ್ತಿದೆ. ಬೆಳಗಿನ ಪ್ರವಚನದಲ್ಲಿ ಪಾದ್ರಿ ಏನು ಹೇಳಿದರೆಂದು ಕೇಳಿದರೆ ನನಗೆ ಒಂದು ಪದವೂ ನೆನಪಿಲ್ಲ.

ಆಗಸ್ಟಿನ ದನಕುರಿ ಪ್ರದರ್ಶನದಲ್ಲಿ ಅಪ್ಪನ ಕಿಲ್ಟನ್ನು, ಆ ಎಂಟು ಗಜದ ಚೌಕಳಿ ಉಲ್ಲಿನ ಬಟ್ಟೆಯನ್ನು, ಲಂಗದಂತೆ ಸೊಂಟಕ್ಕೆ ಸುತ್ತಿ ನಿಂತಿದ್ದಾಗ ಪತ್ರಿಕೆಯವರು ನನ್ನ ಫೋಟೋ ತೆಗೆದದ್ದು ನಿಜ. ಅದನ್ನು ಯಾರೋ ಪುಣ್ಯಾತ್ಮರು ಕತ್ತರಿಸಿ ಕೆನಡಾದವರೆಗೂ, ಹ್ಯಾಲಿಫ್ಯಾಕ್ಸಿಗೆ ನಿನಗೆ ಕಳಿಸಿದ್ದೂ ನಿಜವೇ ಇರಬೇಕು. ಅದನ್ನು ನೀನು ನಿನ್ನ ಸ್ಕಾಟಿಷ್ ಸಂಘದವರಿಗೆ ತೋರಿಸಿದೆಯಂತೆ, ಅವರು ನಕ್ಕರಂತೆ, ನಿನಗೆ ತಲೆ ಎತ್ತಲಾಗಲಿಲ್ಲವಂತೆ. "ಹಳದಿ ಕಾಲಿನ ಹುಂಜದ ಹಾಗೆ ನಿಂತಿದ್ದೀಯ" ಎಂದು ಬರೆದಿದ್ದೀಯ. ಆ ಸಾಸಿವೆ ಬಣ್ಣದ ಕಾಲುಚೀಲವನ್ನು ಹೆಣೆದವಳು ನನ್ನ ಹೆಂಡತಿ. ಉಳಿದ ಉಲ್ಲನ್ನು ಸೇರಿಸಿ ಹೆಣೆದಳು, ಮೊಣಕಾಲಿನ ಕೆಳಗೆ ಮಡಿಚುವ ಕಡೆ ಹಗ್ಗದ ಹೆಣಿಗೆ ಹಾಕಿದಳು, ಒಂದೊಂದಕ್ಕೆ ಒಂದೊಂದು ವಾರ ಕೂತಳು. ಅವಳಿಗೆ ನಿನ್ನ ಕಾಗದದ ಆ ಸಾಲನ್ನು ಓದಿ ಹೇಳಲಿಲ್ಲ. ಅವಳೇ ಓದಿಕೊಂಡಳು. ಹೋದ ಕ್ರಿಸ್ಮಸ್ಸಿಗೆ ನಿನಗೆ ಕಳಿಸಿದ ಕೈಗವಸೂ ಅದೇ ಉಲ್ಲಿನದು ಎಂಬುದು ನಿನ್ನ ಗಮನಕ್ಕೆ ಬಂದಿಲ್ಲವೇನೋ.

ಅದರ ಜೊತೆಗೆ ಸಂಘದ ನಿಯಮಗಳ ಹಾಳೆ ಬೇರೆ ಕಳಿಸಿದ್ದೀಯ, ಅಚ್ಚು ಹಾಕಿಸಿದ್ದು! ಹಗಲಿನಲ್ಲಿ ಎಂಥ ಕೋಟು, ಸಂಜೆಗೆ ಎಂಥ ಗುಂಡಿ, ಕಾಲುಚೀಲದಲ್ಲಿ ಚೂರಿಯನ್ನು ಎಷ್ಟು ಬೆರಳು ಕಾಣುವಂತೆ ಸಿಕ್ಕಿಸಬೇಕು. ಮಳೆಯಲ್ಲಿ ಕಿಲ್ಟ್ ಉಡಬಾರದು ಎಂಬುದೂ ಅದರಲ್ಲಿದೆ. ಈ ಸಾಲನ್ನು ನಾನು ಹಡಗುಕಟ್ಟೆಯಲ್ಲಿ ಗಟ್ಟಿಯಾಗಿ ಓದಿದೆ. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ರೇನು ನಡೆಸುವ ಹೆಕ್ಟರ್ ಮುದುಕ, "ಹಂಗಾದ್ರೆ ನಮ್ಮೂರಲ್ಲಿ ವರ್ಷಕ್ಕೆ ಎರಡೇ ದಿನ ಉಡೋದು ಬಿಡು, ಅದೂ ಮಧ್ಯಾಹ್ನದೊಳಗೆ ಬಿಚ್ಚಿಟ್ಬಿಡ್ಬೇಕು" ಎಂದ. ನಿನ್ನ ಫೋಟೋವನ್ನೂ ಅವರಿಗೆ ತೋರಿಸಿದೆ. ಕೊರಳಿಗೆ ಬಿಳಿ ಲೇಸಿನ ಜಾಲರಿ, ಎದೆಯ ತುಂಬ ಬೆಳ್ಳಿ ಗುಂಡಿ, ಹೊಟ್ಟೆಯ ಕೆಳಗೆ ಇಡೀ ನರಿಯ ತಲೆಯನ್ನೇ ನೇತುಹಾಕಿದ ಚೀಲ. ಹೆಕ್ಟರ್ ಬಹಳ ಹೊತ್ತು ನೋಡಿ, "ಪಾಪ, ಆ ನರಿಗೇ ಗೊತ್ತಿಲ್ಲ ತಾನ್ಯಾಕೆ ಅಲ್ಲಿದೀನಿ ಅಂತ" ಎಂದ. ನನ್ನನ್ನು ಹುಂಜ ಎಂದವನಿಗೆ ಇಷ್ಟು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಆದರೆ ಅಣ್ಣಾ, ನನ್ನ ಸಿಟ್ಟು ಕಾಲುಚೀಲದ್ದಲ್ಲ. ನೀನು ಕಡೆಗೆ ಬರೆದದ್ದರ ಮೇಲೆ. ಅಪ್ಪನ ಕಿಲ್ಟನ್ನು ನಾನು ಹಾಳುಮಾಡುತ್ತಿದ್ದೇನೆ, ಹಿಂದಿನ ನೆರಿಗೆಗೆ ಟಾರು ಮೆತ್ತಿಸಿದ್ದೇನೆ, ಹಿರಿಯ ಮಗನಾದ ನಿನಗೆ ಅದು ಸೇರಬೇಕು, ಹಾಗಿದ್ದ ಹಾಗೆಯೇ ಕಳಿಸಿಬಿಡಬೇಕು, ಸಂಘದ ಸಭಾಂಗಣದ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಇಡಿಸುತ್ತೀಯ. ಕೆಳಗೆ ಹಿತ್ತಾಳೆಯ ಫಲಕ. ಯಾರ ಕಿಲ್ಟ್ ಎಂದು ತಿಳಿದು ಬರೆದಿದ್ದೀಯ ಇದನ್ನು?

ನೀನು ಹತ್ತೊಂಬತ್ತಕ್ಕೆ ಹಡಗು ಹತ್ತಿದೆ. ಆಮೇಲೆ ಬಂದದ್ದು ಎರಡೇ ಸಲ. ಎರಡು ಸಲವೂ ಅಪ್ಪ ನೀನು ಬರುವ ಮುನ್ನ ಗಡ್ಡ ಕತ್ತರಿಸಿಕೊಂಡು, ಕಿಲ್ಟನ್ನು ಬ್ರಷ್ ಮಾಡಿ, ಒಳ್ಳೆಯ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು. ನಿನಗೆ ಗೊತ್ತಿರುವುದು ಆ ಅಪ್ಪ ಒಬ್ಬರೇ. ಅವರು ಅರವತ್ತೈದು ದಾಟಿದ ಮೇಲೆ, "ಇನ್ಯಾರಿಗೋಸ್ಕರ ಎತ್ತಿಡ್ಲಿ ಇದನ್ನ" ಎಂದು ದಿನವೂ ಅದನ್ನೇ ಉಡತೊಡಗಿದರು. ಅದನ್ನುಟ್ಟೇ ಕೋಳಿಗೂಡು ಗುಡಿಸಿದರು, ಒಲೆಗೆ ಉರಿಸುವ ಪೀಟ್ ಮಣ್ಣನ್ನು ಕಡಿದು ರಾಶಿ ಹಾಕಿದರು, ದೋಣಿಯ ತಳಕ್ಕೆ ಟಾರು ಬಳಿದರು. ಬಳಿದ ಮೇಲೆ ಮರೆತು ಅದರ ಮೇಲೇ ಕೂತರು. ಆ ಟಾರು ಅಪ್ಪನದು ಅಣ್ಣಾ. ಅಮ್ಮ ಆ ದಿನ ಬೆಣ್ಣೆ ಹಚ್ಚಿ ಉಜ್ಜಿ ಉಜ್ಜಿ ಸೋತು, "ಗಂಡಸು ಅನ್ನೋದು ನಮ್ಮನೆ ಟಗರಿಗಿಂತ ಕಡೆ" ಎಂದು ಬೈದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನೀನು ಅದನ್ನು ನನ್ನ ತಲೆಗೆ ಕಟ್ಟುತ್ತಿದ್ದೀಯ.

ನಾನೇನು ಹುಟ್ಟಿನಿಂದ ಕಿಲ್ಟ್ ಪ್ರೇಮಿಯಲ್ಲ, ನಿನಗೂ ಗೊತ್ತು. ಶಾಲೆಯ ವಾದ್ಯಮೇಳದಲ್ಲಿ ನಿನ್ನದೇ ಹಳೆಯದನ್ನು ನನಗೆ ಸುತ್ತಿ ನಿಲ್ಲಿಸುತ್ತಿದ್ದರು. ಉಲ್ಲು ಚುಚ್ಚಿ ಚುಚ್ಚಿ ತೊಡೆ ಕೆಂಪಾಗುತ್ತಿತ್ತು, ಕೊಳದ ಪಕ್ಕದ ಸೊಳ್ಳೆಗಳಿಗೆ ನನ್ನ ಮೊಣಕಾಲೇ ಹಬ್ಬದೂಟ. ನನ್ನ ಮದುವೆಗೆ ಹಟ ಹಿಡಿದು ಪ್ಯಾಂಟು ತೊಟ್ಟೆ. ಅಪ್ಪ ಎರಡು ದಿನ ಮಾತು ಬಿಟ್ಟರು. ಅವರು ಹೋದ ಮೇಲೆ ಇಶ್ಬೆಲ್ ತನ್ನ ಮದುವೆಗೆ, "ಅಪ್ಪಾ, ನೀನು ತಾತನ ಕಿಲ್ಟ್ ಉಟ್ಕೊಂಡೇ ನನ್ನ ಕೈ ಹಿಡಿದು ನಡೆಸ್ಬೇಕು" ಎಂದಳು. ಮಗಳಿಗೆ ಇಲ್ಲ ಎನ್ನುವುದು ಹೇಗೆ? ಪೆಟ್ಟಿಗೆ ತೆಗೆದೆ, ಒಬ್ಬನೇ ಸುತ್ತಿಕೊಂಡೆ, ಅಳತೆ ಸರಿಮಾಡಿಸಲು ಪೇಟೆಗೆ ನಡೆದೆ. ಕಿಲ್ಟ್ ಹೊಲಿಯುವ ಮುರ್ದೀನಾ ಅಂಗಡಿಯ ಬಾಗಿಲಿಂದಲೇ ಕೂಗಿದಳು. "ಏನ್ ಸೋರ್ಲಿ, ನೀನು ಬರ್ತಾ ಇದೀಯೋ ವಾಪಸ್ ಹೋಗ್ತಾ ಇದೀಯೋ?" ಬೆನ್ನ ಕಡೆ ಇರಬೇಕಾದ ನೆರಿಗೆಗಳನ್ನೆಲ್ಲ ಹೊಟ್ಟೆಯ ಮೇಲೆ ತಂದುಕೊಂಡು ಇಡೀ ರಸ್ತೆ ನಡೆದು ಬಂದಿದ್ದೆ.

ಅವಳಿಗೆ ಎಪ್ಪತ್ತೆಂಟು ವರ್ಷ. ಬಾಯಿ ತುಂಬ ಗುಂಡುಸೂಜಿ ಇಟ್ಟುಕೊಂಡೇ ಬೈಯುತ್ತಾಳೆ. ಸೊಂಟದ ಮೂಳೆಯ ಮೇಲೆ ಪ್ಯಾಂಟಿನಂತೆ ಇಳಿಬಿಟ್ಟಿದ್ದೆ, ಹೊಕ್ಕುಳಿನವರೆಗೆ ಎತ್ತಿ ಪಟ್ಟಿ ಬಿಗಿದಳು. ಮುಂದಿನ ಪದರದ ಅಂಚಿಗೆ ಹಾಕುವ ಪಿನ್ನನ್ನು ಎರಡೂ ಪದರಕ್ಕೆ ಸೇರಿಸಿ ಚುಚ್ಚಿದ್ದೆ, ಕೈಮೇಲೆ ಪಟ್ ಎಂದು ಬಾರಿಸಿದಳು. "ಅದು ಭಾರಕ್ಕೆ ಕಣೋ, ಬೀಗಕ್ಕಲ್ಲ. ಕೂತ್ಕೊಂಡ್ರೆ ಬಟ್ಟೆ ಹರಿದು ಕೈಗೆ ಬರುತ್ತೆ" ಎಂದಳು. ಕೂರುವಾಗ ಹಿಂಗೈಯಿಂದ ನೆರಿಗೆ ಸವರಿಕೊಂಡು ಕೂರುವುದನ್ನು ಹತ್ತು ಸಲ ಮಾಡಿಸಿದಳು. ಆಮೇಲೆ ಬೆಟ್ಟದ ದಾರಿ ಹಿಡಿದು ಒಂದು ಮೈಲಿ ನಡೆದು ಬಾ ಎಂದು ಅಟ್ಟಿದಳು. ಆ ಒಂದು ಮೈಲಿಯಲ್ಲಿ ಏನಾಯಿತೋ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹೆಜ್ಜೆ ಹಾಕಿದಂತೆಲ್ಲ ಆ ಭಾರದ ನೆರಿಗೆ ಹಿಂದಿನಿಂದ ತೂಗುತ್ತಾ ನನ್ನನ್ನು ಮುಂದಕ್ಕೆ ದಬ್ಬುತ್ತಿತ್ತು. ಅಪ್ಪ ಯಾಕೆ ಹಾಗೆ ನಡೆಯುತ್ತಿದ್ದರೆಂದು ನನ್ನ ಐವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು. ಅದು ಅವರ ಜಂಬವಲ್ಲ, ಬಟ್ಟೆ ನಡೆಸಿದ ನಡಿಗೆ. ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ, ನೆರಿಗೆ ಸವರಿಕೊಳ್ಳುವುದನ್ನೂ ಮರೆತು.

ಅಂದಿನಿಂದ ವಾರಕ್ಕೆ ಮೂರು ದಿನವಾದರೂ ಉಡುತ್ತೇನೆ. ಲೇಸು, ಬೆಳ್ಳಿ ನನಗೆ ಒಗ್ಗುವುದಿಲ್ಲ. ಮೊದಲು ಬಾಡಿಗೆ ಕೋಟು ತಂದು ನೋಡಿದೆ, ಕನ್ನಡಿಯಲ್ಲಿ ಹೋಟೆಲಿನ ದ್ವಾರಪಾಲಕ ಕಂಡ. ಈಗ ನನ್ನ ನೀಲಿ ಉಲ್ಲಿನ ಸ್ವೆಟರು, ಹಡಗುಕಟ್ಟೆಯ ಬೂಟು, ಹಳೆಯ ಶಾಲಾ ಚೀಲದ ಚರ್ಮದಿಂದ ನಾನೇ ಹೊಲಿದ ಸೊಂಟದ ಚೀಲ, ಮತ್ತು ಆ ಹಳದಿ ಕಾಲುಚೀಲ. ಮಂಜು ಕವಿದ ದಿನವೂ ಅವು ಕಾಣುತ್ತವೆ, ದೋಣಿಯ ಕ್ಯಾಪ್ಟನ್ನೇ ಹೇಳಿದ್ದಾನೆ. ಕಟ್ಟುನಿಟ್ಟಿನ ಮುರ್ದೀನಾ ಕೂಡ ಎರಡು ಸುತ್ತು ಬಂದು ನೋಡಿ, "ಹ್ಞೂಂ. ಈಗ ನೀನು ಅದನ್ನ ಉಟ್ಟಿದೀಯ, ಅದು ನಿನ್ನನ್ನ ಉಟ್ಟಿಲ್ಲ" ಎಂದಳು. ಆ ಮಾತು ನನಗೆ ನಿನ್ನ ಸಂಘದ ಎಲ್ಲ ಪದಕಕ್ಕಿಂತ ಹೆಚ್ಚು. ಅಂಥದ್ದನ್ನು ಬಿಚ್ಚಿಕೊಟ್ಟು ಗಾಜಿನೊಳಗೆ ಮೊಳೆ ಹೊಡೆಸಿಡು ಎನ್ನುತ್ತೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ?

ಹಿರಿಯ ಮಗ ಎಂದೆಯಲ್ಲ, ಅದಕ್ಕೂ ಹೇಳಿಬಿಡುತ್ತೇನೆ. ಅಪ್ಪನನ್ನು ಗುಂಡಿಗೆ ಇಳಿಸುವ ದಿನ ಶವಪೆಟ್ಟಿಗೆಯ ಹಗ್ಗ ಹಿಡಿಯುವವರ ಹೆಸರು ಕೂಗಿದರು. ತಲೆಯ ಕಡೆಯ ಹಗ್ಗ ಹಿರಿಯ ಮಗನದು. "ಫಾರ್ಕರ್" ಎಂದು ಕೂಗಿದವರು ನನ್ನ ಮುಖ ನೋಡಿದರು. ನಿನ್ನ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲವೆಂದು ತಂತಿ ಬಂದಿತ್ತು. ನನ್ನ ಹಗ್ಗ ಬಿಟ್ಟು ನಿನ್ನದನ್ನು ನಾನು ಹಿಡಿದೆ. ದಿನಕ್ಕೆ ನಾಲ್ಕು ಸಲ ಹಡಗಿನ ಹಗ್ಗ ಹಿಡಿಯುವ ಕೈ ಇದು, ಅಣ್ಣಾ, ಅವತ್ತು ಮಾತ್ರ ಪೆಟ್ಟಿಗೆ ತಳ ಮುಟ್ಟಿದ ಮೇಲೂ ಹಗ್ಗ ಬಿಡಲಿಲ್ಲ. ಎರಡೂವರೆ ವರ್ಷ ಇದನ್ನು ನಿನಗೆ ಬರೆಯಬಾರದೆಂದಿದ್ದೆ. ನೀನು ಬರೆಸಿದೆ. ಕಿಲ್ಟ್ ಕಳಿಸುವುದಿಲ್ಲ. ಈ ಮಾತಿನಲ್ಲಿ ಬದಲಾವಣೆ ಇಲ್ಲ.

ಡೋರಿಸ್ ಅತ್ತಿಗೆಗೆ ನನ್ನ ಮತ್ತು ಮೋರಾಗ್‌ಳ ನಮಸ್ಕಾರ. ಮಕ್ಕಳಿಗೆ ಮುದ್ದು. ನಿನ್ನ ಸೊಂಟಕ್ಕೆ ಬಿಸಿ ಮರಳಿನ ಶಾಖ ಕೊಡು, ಸಿಟ್ಟಿದ್ದರೂ ಹೇಳುತ್ತಿದ್ದೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ, ಹುಂಜ,
ಸೋರ್ಲಿ

ತಾ.ಕ. ಗುರುವಾರ, ೩೦ನೇ ತಾರೀಖು. ಅಂಚೆಯ ವ್ಯಾನು ಬರುವ ಹೊತ್ತು, ಬೇಗ ಬೇಗ ಬರೆಯುತ್ತಿದ್ದೇನೆ. ಈ ಕಾಗದವನ್ನು ಮೋರಾಗ್ ಅಂಚೆಗೆ ಹಾಕಲು ಬಿಡಲಿಲ್ಲ. "ಹಳದಿ ಕಾಲು ಬಿಟ್ಟು ಆ ಕಾಗದದಲ್ಲಿ ಬೇರೆ ಏನಿದೆ ಅಂತ ಪೂರ್ತಿ ಓದಿದೀರಾ?" ಎಂದಳು. ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ನೀನು ಬರೆದದ್ದನ್ನು ನಾನು ಓದಿರಲಿಲ್ಲ. "ಅಪ್ಪನದು ಅಂತ ನನ್ನ ಹತ್ತಿರ ಒಂದು ಗುಂಡಿಯೂ ಇಲ್ಲ ಸೋರ್ಲಿ." ಅದನ್ನು ಮೊದಲ ಸಾಲಿನಲ್ಲಿ ಬರೆಯಲು ನಿನಗೇನಾಗಿತ್ತು? ನೇರವಾಗಿ ಮುರ್ದೀನಾ ಹತ್ತಿರ ಹೋದೆ. ಎಂಟು ಗಜದ ಕಿಲ್ಟೆಂದರೆ ನಾಲ್ಕು ನಾಲ್ಕು ಗಜದ ಎರಡು ತುಂಡು ಸೇರಿಸಿ ಹೊಲಿದದ್ದಂತೆ, ಜೋಡಣೆ ನೆರಿಗೆಯೊಳಗೆ ಅಡಗಿರುತ್ತದಂತೆ, ಮುತ್ತಜ್ಜರ ಕಾಲದವರು ನಾಲ್ಕು ಗಜದಲ್ಲೇ ಅಗಲ ನೆರಿಗೆ ಹಾಕಿ ಉಡುತ್ತಿದ್ದರಂತೆ. ಬಿಚ್ಚು ಎಂದೆ. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು ಬಿಚ್ಚಿದಳು. ಈಗ ಎರಡು ಕಿಲ್ಟ್ ಇವೆ. ನಿನ್ನದು ಈ ಪೊಟ್ಟಣದಲ್ಲಿದೆ. ಗೋಡೆಗೆ ಹಾಕಿದೆಯೋ, ನಾನೇ ಹಡಗು ಹತ್ತಿ ಬಂದು ಗಾಜು ಒಡೆಯುತ್ತೇನೆ. ಉಡು. ಉದ್ದದ ಅಳತೆಗೆ ಉಡುವವನು ನೆಲದ ಮೇಲೆ ಮಂಡಿಯೂರಬೇಕು, ಅಂಚು ನೆಲಕ್ಕೆ ತಾಕಿಯೂ ತಾಕದಂತಿರಬೇಕು. ನೀನು ಸಮುದ್ರದಾಚೆ ಇದ್ದೀಯ. "ನಿಮ್ಮಣ್ಣ ನಿನಗಿಂತ ಒಂದಿಂಚು ಗಿಡ್ಡ ಅಲ್ವೇನೋ? ಅವನ ಪಾಲಿನ ಮಂಡೀನೂ ನೀನೇ ಊರು" ಎಂದಳು ಮುರ್ದೀನಾ. ಊರಿದೆ. ಒಂದಿಂಚು ಕಳೆದು ಗುರುತು ಹಾಕುವವರೆಗೆ ಅಲ್ಲಾಡದೆ ಕೂತಿದ್ದೆ. ಮೊಣಕಾಲಿಗೆ ಸರಿ ಬಂತೇ ಎಂದು ಬರೆ. ಬಾರದಿದ್ದರೆ ತಪ್ಪು ನಿನ್ನ ಕಾಲಿನದು. ನಾನು ಸರಿಯಾಗಿಯೇ ಮಂಡಿಯೂರಿದ್ದೆ.