ಕೈಚಳಕ ಯಾರದೆಂದು ಕೇಳಿದಿರಿ

ಶ್ರೀ ವೆಂಡೆಲ್ ಕಾರ್ಕಮ್ ಅವರಿಗೆ ನಮಸ್ಕಾರ.

ದೋಣಿ ಮೆಕ್ಯಾನಿಕ್‌ಗಳ ಫೇಸ್‌ಬುಕ್ ಗುಂಪಿನಲ್ಲಿ ನನ್ನ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರಿಸುತ್ತ ಬಂದಿದ್ದೀರಿ. ಮೊನ್ನೆ ನಾನು ಬಿಚ್ಚಿ ಜೋಡಿಸಿದ ಎಂಜಿನ್ನಿನ ಚಿತ್ರ ನೋಡಿ, “ಭಲೇ ಹುಡುಗಿ! ಈ ಕೈಚಳಕ ಯಾರಿಂದ ಬಂತಮ್ಮಾ?” ಎಂದು ಕೇಳಿದಿರಿ. ಅಲ್ಲಿ ಎಲ್ಲರೂ ಓದುತ್ತಾರೆ, ಅದಕ್ಕೇ ಈ ಕಾಗದ.

ನನ್ನ ತಾಯಿ ಲುನೆನ್‌ಬರ್ಗಿನ ಇವಾ. ಅವಳು ಬಸುರಿಯಿದ್ದಾಗ ನೀವು ಊರು ಬಿಟ್ಟಿರಿ. ಹುಟ್ಟಿದವಳು ನಾನು. “ಎಂಜಿನ್ ನರಳಿದ್ರೆ ಅವನಿಗೆ ಕೇಳ್ಸುತ್ತೆ, ಮನುಷ್ಯರು ಅತ್ರೆ ಕೇಳ್ಸಲ್ಲ ಕಣೇ” ಎನ್ನುತ್ತಿದ್ದಳು ಅಮ್ಮ. ನಿಮ್ಮ ಹೆಸರು ಕಂಡೇ ಗುಂಪಿಗೆ ಸೇರಿದೆ. ಕೆಲಸವನ್ನು ಮಾತ್ರ ನಿಜವಾಗಿಯೂ ನಿಮ್ಮಿಂದಲೇ ಕಲಿತೆ.

ಮೇ ತಿಂಗಳಲ್ಲಿ ನೀವಿರುವ ಪ್ರಿನ್ಸ್ ರೂಪರ್ಟಿಗೆ ಬರುತ್ತಿದ್ದೇನೆ. ಭೇಟಿ ಬೇಡವೆನಿಸಿದರೆ ಹೇಳಿಬಿಡಿ, ಒತ್ತಾಯವಿಲ್ಲ. ಗುಂಪಿನಲ್ಲಿ ಉತ್ತರಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಆ ಎಂಜಿನ್ನಿನ ನೀರಿನ ಪಂಪು ಇನ್ನೂ ಸೋರುತ್ತಿದೆ.

ಇತಿ,
ಡಾರ್ಲಾ