ಬೊಟ್ವೆ ಮಾವನಿಗೆ ಅವರ ಬೈಗುಳ ಹಿಂದಿರುಗಿಸಿ

ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಮಾರುಕಟ್ಟೆಯ ಹಿಂಬದಿಯ ಬೇವಿನ ಮರವನ್ನು ಕಡಿಸಿ, ಅದರಡಿಯ ಡಾಮೆ ಆಟದ ಮಣೆಯನ್ನು ಕೀಳಿಸಿ, ಆ ಜಾಗದಲ್ಲಿ ನೀವು ಪರದೆಯ ಮೇಲೆ ಆಡುವ ಗಾಜಿನ ಆಟದಮನೆಯೊಂದನ್ನು ನಿಲ್ಲಿಸಿದ್ದೀರಿ. ಅದರಿಂದ ಒಬ್ಬ ಮನುಷ್ಯ ಎರಡನೇ ಸಲ ಕುರುಡನಾದ. ನನ್ನ ದೂರು ಇಷ್ಟೇ. ಉಳಿದದ್ದು ವಿವರ. ಓದುವ ಪುರುಸೊತ್ತು ನಿಮಗಿದೆ ಎಂದು ನಂಬಿ ಬರೆಯುತ್ತಿದ್ದೇನೆ.

ಹಳೇ ಕಾಲದವರ ಗೊಣಗಾಟವೆಂದು ಇದನ್ನು ಪಕ್ಕಕ್ಕಿಡಬೇಡಿ. ಕುಮಾಸಿ ನಗರದ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲೇ ಹಣ ತಲುಪುತ್ತದೆ. ಅದಕ್ಕಾಗಿ ಆಕೆ ಬಸ್ಸಿನಲ್ಲಿ ಜೋತಾಡಬೇಕಾಗಿಲ್ಲ ಎಂಬುದು ನನಗೆ ದಿನವೂ ಸಂತೋಷ ಕೊಡುವ ಸಂಗತಿ. ಯಂತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಸರಳ: ಬೇಸರದ ಕೆಲಸವನ್ನು ಅದಕ್ಕೆ ಕೊಡಿ, ಖುಷಿಯ ಕೆಲಸವನ್ನು ನಮಗೇ ಬಿಡಿ. ದಿನವಿಡೀ ಪರದೆ ನೋಡಿ ಕಣ್ಣುರಿ ಹತ್ತಿದವನು ಸಂಜೆ ಟ್ರೋಟ್ರೋ ವ್ಯಾನಿನಿಂದಿಳಿದು, ಸುಟ್ಟ ಬಾಳೆಕಾಯಿ, ಕಡಲೆಕಾಯಿ ಕೊಂಡು, ಬೇವಿನ ಮರದಡಿ ನಿಂತು ನಾಲ್ಕು ಬೈದು ನಾಲ್ಕು ಬೈಸಿಕೊಂಡು ಮನೆಗೆ ಹೋಗುತ್ತಿದ್ದೆ. ಇದು ನನ್ನ ಹವ್ಯಾಸ. ಇದಕ್ಕೂ ಪರದೆಯೇ ಬೇಕೆಂದು ನಿಮಗೆ ಹೇಳಿದವರು ಯಾರು?

ನಿಮಗೆ ಡಾಮೆ ಗೊತ್ತಿಲ್ಲವೆಂದಲ್ಲ, ಮರೆತಿರಬಹುದು. ಎದುರಾಳಿಯ ಕಾಯಿಯ ಮೇಲೆ ಹಾರಿ ಹೊಡೆಯುವ ಆಟ; ಆಚೆಯ ಅಂಚು ಮುಟ್ಟಿದ ಕಾಯಿ ರಾಜ. ಕೂತು ಆಡುವವರು ಇಬ್ಬರಾದರೂ ಆಟ ನಡೆಸುವವರು ಸುತ್ತ ನಿಂತವರು. ಕಾಯಿಯನ್ನು ಮೆಲ್ಲಗೆ ಸರಿಸುವವನು ಹೇಡಿ. ಮಣೆ ಅದುರುವ ಹಾಗೆ ಕುಟ್ಟಬೇಕು. ಕುಟ್ಟಿದ ಕೂಡಲೇ ನಿಂತವರು ಬಾಯಿಗೆ ಬಂದಂತೆ ಬೈಯಬೇಕು. ನಮ್ಮ ಮಣೆಯ ನಾಲ್ಕು ಅಂಚುಗಳಿಗೂ ಹೆಸರಿತ್ತು: ಚರಂಡಿ ಕಡೆ, ಮರದ ಕಡೆ, ಮಸೀದಿ ಕಡೆ, ಮೀನಿನ ಕಡೆ.

ಬೊಟ್ವೆ ಮಾವ ದಿಮ್ಮಿ ಲಾರಿ ಓಡಿಸಿ ನಿವೃತ್ತರಾದವರು. ಕಣ್ಣಿನ ಒತ್ತಡದ ಕಾಯಿಲೆ ಅವರ ದೃಷ್ಟಿಯನ್ನು ಸ್ವಲ್ಪಸ್ವಲ್ಪವೇ ತಿಂದುಹಾಕಿತು. ಒಂದು ಸಂಜೆ ಅವರು ಮಣೆಯಿಂದ ಎದ್ದು ನಿಂತರು. "ಇನ್ನು ನಾನು ಆಡಲ್ಲ ಕಣ್ರೋ. ಕಾಯಿ ಕಾಣಲ್ಲ," ಅಂದರು. ಎದುರಿಗಿದ್ದ ದರ್ಜಿ ಡಾಂಕ್ವಾ ತಲೆ ಎತ್ತಲೂ ಇಲ್ಲ. "ಕಣ್ಣಿದ್ದಾಗ ಏನ್ ಕಡಿದು ಕಟ್ಟೆ ಹಾಕಿದ್ದೆ ಮಾವ? ಕೂತ್ಕೋ ಸುಮ್ನೆ, ನಿನ್ನ ಸರದಿ," ಅಂದ.

ಮಾವ ಕೂತರು. ಅಂದಿನಿಂದ ನಮ್ಮ ಬೈಗುಳದೊಳಗೆ ವಿಳಾಸ ಸೇರಿಕೊಂಡಿತು. "ನೋಡ್ರೋ, ದರ್ಜಿ ಹೆದರ್ಕೊಂಡು ಚರಂಡಿ ಸಾಲಿನ ಎರಡನೇ ಕಾಯಿನ ಮೀನಿನ ಕಡೆ ಓಡಿಸ್ದ!" "ಮಾವ, ಮಸೀದಿ ಮೂಲೆಲಿ ನಿನ್ ರಾಜ ಗೊರಕೆ ಹೊಡೀತಿದಾನೆ, ಎಬ್ಬಿಸೋ!" ಹೀಗೆ ಮಾಡೋಣವೆಂದು ಯಾರೂ ಮಾತಾಡಿಕೊಂಡಿರಲಿಲ್ಲ. ಅಯ್ಯೋ ಪಾಪ ಎಂದು ಒಬ್ಬನೂ ಅನ್ನಲಿಲ್ಲ. ದಾರಿಹೋಕರು ಕೂಡ ಒಂದೆರಡು ಆಟ ನೋಡಿ ಅದೇ ರೀತಿ ಬೈಯುವುದನ್ನು ಕಲಿತರು. ಕಣ್ಣಿಲ್ಲದ ಮನುಷ್ಯ ತಲೆಯೊಳಗೆ ಇಡೀ ಮಣೆಯನ್ನಿಟ್ಟುಕೊಂಡು ನಮ್ಮೆಲ್ಲರನ್ನೂ ಸೋಲಿಸುತ್ತಿದ್ದರು. ನನ್ನ ವೃತ್ತಿಯಲ್ಲಿ ದೊಡ್ಡ ದೊಡ್ಡ ಜಾಲಗಳನ್ನು ಕಂಡಿದ್ದೇನೆ, ಅಷ್ಟು ಚೆನ್ನಾಗಿ ನಡೆದ ಇನ್ನೊಂದನ್ನು ಕಂಡಿಲ್ಲ.

ಆಮೇಲೆ ನಿಮ್ಮ ಅಭಿವೃದ್ಧಿ ಬಂತು. ಉದ್ಘಾಟನೆಯ ದಿನ ನೀವು ಟೇಪು ಕತ್ತರಿಸಿದಿರಿ, ಭಾಷಣ ಮಾಡಿದಿರಿ, ಟಚ್ ಸ್ಕ್ರೀನ್ ಮೇಲೆ ಮೊದಲ ಆಟದ ಗೌರವವನ್ನು ದರ್ಜಿಗೆ ಕೊಟ್ಟಿರಿ. ಅವನೂ ಪಾಪ, ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಒಂದೇ ನಡೆಯಲ್ಲಿ ಮೂರು ಕಾಯಿ ಹೊಡೆಯುವ ಅವಕಾಶ ಸಿಕ್ಕಿತು. ನಮ್ಮೂರಿನಲ್ಲಿ ಹುಟ್ಟಿದವನು ಆಗ ಏನು ಮಾಡುತ್ತಾನೋ ಅದನ್ನೇ ಮಾಡಿದ, ಕೈಯೆತ್ತಿ ಕುಟ್ಟಿದ. ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ನಿಮ್ಮವರು ಪೊಲೀಸರನ್ನು ಕರೆದರು. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದನೆಂದು ಅವನನ್ನು ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿದರು. ಮರುದಿನ ಗಾಜಿನ ಬಾಗಿಲಿಗೆ ಫಲಕ ಬಂತು: ಕುಟ್ಟಬಾರದು, ಕೂಗಬಾರದು, ಆಡುವ ಇಬ್ಬರನ್ನು ಬಿಟ್ಟು ಮತ್ತಾರೂ ಒಳಗೆ ನಿಲ್ಲಬಾರದು. ಸ್ವಾಮಿ, ಡಾಮೆಯಿಂದ ಡಾಮೆಯನ್ನು ತೆಗೆದು ಉಳಿದದ್ದನ್ನು ನಮಗೆ ದಾನ ಮಾಡಿದ್ದೀರಿ.

ಬೊಟ್ವೆ ಮಾವನನ್ನು ಮಗಳು ಸೆರ್ವಾ ಕೈಹಿಡಿದು ಅಲ್ಲಿಗೆ ಕರೆತಂದು, ಎದುರು ಆಡುವವಳೆಂದು ಹೇಳಿ ತಾನೂ ಒಳಗೆ ನಿಂತಳು. ಹೊಸ ಗಾಜಿನ ಮೇಲೆ ಅವರು ಅಂಗೈ ಇಟ್ಟು ತಡಕಿದರು.

"ಕಾಯಿ ಎಲ್ಲಮ್ಮಾ?"

"ಗಾಜಿನೊಳಗಿದೆ ಅಪ್ಪ."

"ಒಳಗಿದ್ರೆ ತೆಗೆದುಕೊಡು."

ಅವರು ತಡಕಿದ್ದನ್ನೆಲ್ಲ ಯಂತ್ರ ನಡೆಗಳೆಂದು ಎಣಿಸಿತು. ಅವರು ಇನ್ನೂ ಕಾಯಿ ಹುಡುಕುತ್ತಿರುವಾಗಲೇ ಅವರು ಸೋತರೆಂದು ಸಂಗೀತ ಬಾರಿಸಿತು. ನಾನು ಬಾಗಿಲಾಚೆ ನಿಂತಿದ್ದೆ. ಕೂಗಿ ಹೇಳೋಣವೆಂದರೆ ಕಾವಲುಗಾರ ಸೀಟಿ ಹಿಡಿದು ನನ್ನನ್ನೇ ನೋಡುತ್ತಿದ್ದ. ಅಂದು ನನಗೆ ನನ್ನ ಕಸುಬಿನ ಬಗ್ಗೆಯೇ ನಾಚಿಕೆಯಾಯಿತು.

ನಡೆಗಳನ್ನು ಓದಿ ಹೇಳುವ ಆ್ಯಪ್ ಒಂದನ್ನು ಫೋನಿಗೆ ಹಾಕಿ ಮಾವನಿಗೆ ಕೊಟ್ಟೆ. ಕೆಲವೇ ದಿನಗಳಲ್ಲಿ ಹಿಂದಿರುಗಿಸಿದರು. "ಬೇಡ ಕಣೋ ಅಂಟ್ವಿ. ಇದು ಸೋತ್ರೂ 'ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಿ' ಅನ್ನತ್ತೆ. ಇಷ್ಟು ಮರ್ಯಾದೆಯಿಂದ ನಮ್ಮೂರಲ್ಲಿ ಹೆಣದ ಹತ್ರ ಮಾತ್ರ ಮಾತಾಡೋದು," ಅಂದರು. ನಗಿಸಲೆಂದೇ ಹೇಳಿದ್ದು, ನನಗೆ ನಗು ಬರಲಿಲ್ಲ.

ನಿಮ್ಮವರು ಕಿತ್ತೆಸೆದ ಹಳೆಯ ಮಣೆಯನ್ನು ಸೆರ್ವಾಳ ವಠಾರದ ಅಂಗಳಕ್ಕೊಯ್ದು ಆಡಿಸಿದೆವು. ಅಲ್ಲಿ ದಾರಿಹೋಕರಿಲ್ಲ, ಪಕ್ಕದ ಮನೆಯಲ್ಲಿ ಹಸುಗೂಸು ಮಲಗಿರುತ್ತದೆ, ಬೈಗುಳವನ್ನು ಪಿಸುಗುಟ್ಟಬೇಕು. ಮೊದಮೊದಲು ಬರುತ್ತಿದ್ದವರು ಕಡಿಮೆಯಾಗಿ ಕೊನೆಗೆ ಉಳಿದದ್ದು ದರ್ಜಿ, ನಾನು. ಕಳೆದ ಭಾನುವಾರ ದರ್ಜಿ ಕಾಯಿ ಕುಟ್ಟಿದ. "ಚರಂಡಿ ಕಡೆ ಬಾಗ್ಲು ತೆರೆದಿಟ್ಟು ಕೂತಿದಾನೆ ನೋಡು ಮಾವ, ನುಗ್ಗು!" ಎಂದೆ. ಮಾವನ ಕೈ ಮಣೆಯ ಮೇಲೆ ಅರ್ಧಕ್ಕೇ ನಿಂತಿತು. ತಲೆಯನ್ನು ಆಚೆ ತಿರುಗಿಸಿದರು, ಈಚೆ ತಿರುಗಿಸಿದರು.

"ಚರಂಡಿ ಯಾವ್ ಕಡೆಗೋ?"

 ಎಲ್ಲದಕ್ಕೂ ಒಂದು ಮಾತಿರುವ ದರ್ಜಿ ತಾನು ಕುಟ್ಟಿದ ಕಾಯಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಮರದಡಿ ಮಾವ ದಿಕ್ಕು ಹಿಡಿಯುತ್ತಿದ್ದದ್ದು ವಾಸನೆಯಿಂದ ಎಂದು ನಮಗೆ ಆಗಲೇ ಹೊಳೆದದ್ದು. ಒಂದು ಪಕ್ಕ ಕೊಳಚೆ, ಇನ್ನೊಂದು ಪಕ್ಕ ಹೊಗೆಯಾಡಿಸಿದ ಮೀನು. ಅಂಗಳದಲ್ಲಿ ಎರಡೂ ಇಲ್ಲ. ಅವರ ತಲೆಯೊಳಗಿನ ಮಣೆ ಅಳಿಸಿಹೋಗುತ್ತಿದೆ, ಮಾನ್ಯರೇ. ನೀವು ಕೀಳಿಸಿದ್ದು ಮರದ ಮಣೆಯನ್ನು ಮಾತ್ರವಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಮರವನ್ನು ನೀವು ಮರಳಿ ಕೊಡಲಾರಿರಿ, ಅದು ಗೊತ್ತು. ಅದೇ ಜಾಗದಲ್ಲಿ ಒಂದು ತಗಡಿನ ನೆರಳು, ಎರಡು ಬೆಂಚು, ಕೂಗಲು ಅನುಮತಿ ಕೊಡಿ. ಮಣೆ ನಮ್ಮ ಬಳಿಯೇ ಇದೆ. ಮುಂದಿನ ಹಂತದಲ್ಲಿ ಆ ಚರಂಡಿಗೆ ಕಲ್ಲುಚಪ್ಪಡಿ ಮುಚ್ಚುತ್ತೀರೆಂದು ಕೇಳಿದೆ. ಓದಿದವನಾಗಿ ನಾನದನ್ನು ಸ್ವಾಗತಿಸಬೇಕು. ಆದರೂ ಕೈಮುಗಿದು ಬೇಡುತ್ತೇನೆ: ಬೊಟ್ವೆ ಮಾವ ಇರುವಷ್ಟು ಕಾಲ ದಯವಿಟ್ಟು ಅದನ್ನು ನಾರಲು ಬಿಡಿ.

ಇಂತಿ,
ಜಿಲ್ಲೆಯ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಮಾತಾಡಿಸಬಲ್ಲ,
ಒಬ್ಬ ಮುದುಕನಿಗೆ ಚರಂಡಿ ಯಾವ ಕಡೆಯೆಂದು ಹೇಳಲಾರದ
ಕ್ವಾಬೆನಾ ಅಂಟ್ವಿ