ಬನಿಯನ್ ಜೇಬಿನ ಪಿನ್ನು

ನನ್ನ ಹೆಂಡತಿ ಕಂ ಟೈಲರಮ್ಮನಿಗೆ,

ಸುಖವಾಗಿ ಬಂದು ತಲುಪಿದೆ. ಮಾನ ಮಾತ್ರ ಇಲ್ಲಿಯ ವಿಮಾನ ನಿಲ್ದಾಣದಲ್ಲೇ ಹೋಯಿತು. ಸೂಟ್‌ಕೇಸಿನ ತೂಕ ಹೆಚ್ಚಾಗಬಾರದೆಂದು ಎರಡು ಸ್ವೆಟರು, ಮೇಲೊಂದು ಕೋಟನ್ನು ನನ್ನ ಮೈಗೇ ತೊಡಿಸಿ ಕಳಿಸಿದ್ದೆಯಲ್ಲ? ಪಾಸ್‌ಪೋರ್ಟು ಅವೆಲ್ಲದರ ಅಡಿಯಲ್ಲಿ, ಬನಿಯನ್ನಿಗೆ ನೀನು ಹೊಲಿದ ಕಳ್ಳಜೇಬಿನಲ್ಲಿ, ಹೊರಡುವಾಗ ಅಲ್ಲಿ ತೋರಿಸಿದ ಮೇಲೆ ಮತ್ತೆ ಪಿನ್ನು ಹಾಕಿಸಿಕೊಂಡು ಬೆಚ್ಚಗಿತ್ತು. ಕೌಂಟರಿನ ಅಧಿಕಾರಿ ಕೈ ಚಾಚಿದ. ನಾನು ಕೋಟು ಬಿಚ್ಚಿದೆ, ಸ್ವೆಟರು ಬಿಚ್ಚಿದೆ. ಅಂಗಿಯ ಗುಂಡಿಗೆ ಕೈ ಹಾಕಿದಾಗ ಆತ ಕುರ್ಚಿ ಬಿಟ್ಟು ಎದ್ದು ನಿಂತ. ಪಿನ್ನು ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳಲಿಲ್ಲ.

ಸಾಲಿನಲ್ಲಿ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಮುಂದೆ ಬಂದು ಚಕ್ಕನೆ ತೆಗೆದುಕೊಟ್ಟರು. ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದ ಮೇಲೆ ನನ್ನ ಗುಂಡಿ ಹಾಕಿ, ಕಾಲರು ಸರಿಮಾಡಿ, ಚೆನ್ನಾಗಿ ಬೈದರು. ಅವರ ಭಾಷೆ ಒಂದಕ್ಷರವೂ ತಿಳಿಯಲಿಲ್ಲ. ಬೈದ ಧಾಟಿ ಮಾತ್ರ ಥೇಟ್ ನಿನ್ನದೇ. ನಾನೂ ಅಭ್ಯಾಸಬಲದಿಂದ, "ಆಯ್ತು ಕಣೇ, ಸಾಕು ಬಿಡೇ" ಅಂದುಬಿಟ್ಟೆ!

ಕಾರ್ಖಾನೆಯಲ್ಲಿ ಹೊಸ ಮಗ್ಗ ಜೋಡಿಸುವ ತರಬೇತಿ ಶುರುವಾಗಿದೆ. ಮಂಡಿನೋವು ಇಲ್ಲ. ಚಳಿಯೂ ಇಲ್ಲ, ಬೆವರು ಕಿತ್ತುಕೊಂಡು ಬರುತ್ತಿದೆ. ನಿನ್ನ ಸ್ವೆಟರೆರಡೂ ಸದ್ಯಕ್ಕೆ ನನ್ನ ದಿಂಬು.

ಮುಂದಿನ ತಂಡದಲ್ಲಿ ನಿನ್ನ ತಮ್ಮ ಬರುತ್ತಾನಲ್ಲ, ಅವನ ಪಾಸ್‌ಪೋರ್ಟು ಅಂಗಿಯ ಮೇಲುಜೇಬಿನಲ್ಲೇ ಇರಲಿ. ಸ್ವೆಟರು ಬೇಡ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. "ಪಿನ್ನಾದ್ರೂ ಹಾಕ್ಲಾ ಬೇಡ್ವಾ?" ಅಂತೀಯ, ಗೊತ್ತು. ಹಾಕಿಕೊಡು. ಬಿಚ್ಚಿಕೊಡುವುದಕ್ಕೆ ಇಲ್ಲೂ ಯಾರಾದರೂ ಇರುತ್ತಾರೆ.

ನಿನ್ನ ಯಜಮಾನ